ಗುಂಡಿ ಡಬ್ಬಿಯ ರಸೀದಿಗಳು

ನಮ್ಮನೆಯವರ ಹೆಸರಿಗೆ ಬಂದ ಆ ಸರ್ಕಾರಿ ಕಾಗದವನ್ನು ಒಡೆದವಳು ನಾನು. ಗಂಡನ ಕಾಗದ ಒಡೆಯಬಾರದು ಎನ್ನುವವರು ಎನ್ನಲಿ, ನಮ್ಮ ಮನೆಯಲ್ಲಿ ಕರೆಂಟ್ ಬಿಲ್ಲಿನಿಂದ ಹಿಡಿದು ಹಲ್ಲಿನ ಡಾಕ್ಟರ ಚೀಟಿಯವರೆಗೆ ಎಲ್ಲವನ್ನೂ ಒಡೆಯುವವಳು, ಓದುವವಳು, ಓಡಾಡುವವಳು ನಾನೇ. ಒಲೆಯ ಮೇಲೆ ಆಲೂಗಡ್ಡೆ ಬೇಯುತ್ತಿತ್ತು. ನಿಂತುಕೊಂಡು ಓದಿದೆ, ಅರ್ಥವಾಗಲಿಲ್ಲ. ಕೂತು ಓದಿದೆ, ಆಗಲೂ ಆಗಲಿಲ್ಲ. ಕೊನೆಯ ಸಾಲಿನ ಅಂಕಿ ಮಾತ್ರ ಚೆನ್ನಾಗಿ ಅರ್ಥವಾಯಿತು. ಅದು ನನ್ನ ಐದು ವರ್ಷದ ಸಂಬಳ. ಅಷ್ಟರಲ್ಲಿ ಆಲೂಗಡ್ಡೆ ತಳ ಹಿಡಿದಿತ್ತು.

ಇವರು ಲಿಫ್ಟ್ ಪರೀಕ್ಷೆ ಮಾಡುವವರು. ಕಟ್ಟಡದಿಂದ ಕಟ್ಟಡಕ್ಕೆ ಹೋಗಿ, ಮೇಲಿನ ಯಂತ್ರದ ಕೋಣೆಗೆ ಹತ್ತಿ, ಉಕ್ಕಿನ ಹಗ್ಗ ಎಷ್ಟು ಸವೆದಿದೆ, ಬ್ರೇಕು ಹಿಡಿಯುತ್ತದೋ ಇಲ್ಲವೋ ನೋಡಿ ಸಹಿ ಹಾಕುವ ಕೆಲಸ. ಸಂಜೆ ಮನೆಗೆ ಬಂದು ಕೈಯ ಗ್ರೀಸು ತೊಳೆಯುವ ಮೊದಲೇ ಕಾಗದ ಹಿಡಿದೆ.

"ರೀ, ಇದೇನಿದು?"

ಓದಿದರು. ಎರಡು ಸಲ ಓದಿದರು. ಆಮೇಲೆ ಕಾಗದ ತಿರುಗಿಸಿ ಹಿಂಬದಿ ನೋಡಿದರು, ಅಲ್ಲೇನಾದರೂ "ತಮಾಷೆಗೆ" ಎಂದು ಬರೆದಿದೆಯೋ ಎನ್ನುವ ಹಾಗೆ.

"ಆ ಏಜೆನ್ಸಿದು," ಎಂದರು. "ಸಾಲ ಸಾಲ ಅಂತಿದ್ರಲ್ಲ, ಅದು."

ಏಜೆನ್ಸಿ ನೆನಪಿತ್ತು. ಹನ್ನೆರಡು ವರ್ಷದ ಹಿಂದೆ ಲಿಫ್ಟ್ ಕಂಪನಿಯವರು ಕಾಯಂ ಕೆಲಸಗಾರರನ್ನೆಲ್ಲ ಬಿಡಿಸಿ, ಇನ್ನು ಮುಂದೆ ಗುತ್ತಿಗೆ ಮಾತ್ರ, ಅದೂ ಈ ಏಜೆನ್ಸಿಯ ಮೂಲಕ ಬಂದರೆ ಮಾತ್ರ ಎಂದಿದ್ದರು. ಏಜೆನ್ಸಿ ತಿಂಗಳಿಗೆ ಒಂದು ಸಣ್ಣ ಸಂಬಳ ಕೊಡುತ್ತಿತ್ತು. ಉಳಿದ ದೊಡ್ಡ ಪಾಲನ್ನು ಸಾಲ ಎಂದು ಬರೆದು ಕೊಡುತ್ತಿತ್ತು. ಸಾಲಕ್ಕೆ ತೆರಿಗೆ ಇಲ್ಲ. ಆರು ವರ್ಷ ಹಾಗೇ ನಡೆಯಿತು. ಈಗ, ಹೋದ ವರ್ಷ ಬಂದ ಹೊಸ ಕಾನೂನಿನ ಪ್ರಕಾರ ಅದು ಸಾಲವೇ ಅಲ್ಲ, ಸಂಬಳ. ಅಷ್ಟೂ ವರ್ಷದ ತೆರಿಗೆ ಬಡ್ಡಿಯ ಸಮೇತ ಕಟ್ಟಬೇಕಂತೆ. ಮುಂದಿನ ತಿಂಗಳು ಮೂವತ್ತರೊಳಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಾಲು ಭಾಗ ಕಟ್ಟಿದರೆ ಬಡ್ಡಿಯಲ್ಲಿ ಅರ್ಧ ಮಾಫಿ, ಉಳಿದದ್ದಕ್ಕೆ ಕಂತು.

ಆ ಕಾಲು ಭಾಗ ಎಷ್ಟು ಎಂದು ಲೆಕ್ಕ ಹಾಕಿದೆ. ಇನ್ನೊಂದು ಸಲ ಹಾಕಿದೆ. ಏಕೆಂದರೆ ಅಷ್ಟೇ ಹಣ ನನ್ನ ಹತ್ತಿರ ಇತ್ತು.

ನಾನು ಒಂದು ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ಹನ್ನೊಂದು ವರ್ಷದಿಂದ ನಿಂತಿದ್ದೇನೆ. ಯಾರ ಕೋಟಿನ ಮೇಲೆ ಯಾವ ಕಲೆ, ಅದು ಹೋಗುತ್ತದೋ ಇಲ್ಲವೋ ನೋಡಿದ ಕೂಡಲೇ ಹೇಳಬಲ್ಲೆ. ಅಂಗಡಿಯ ಯಜಮಾನರಿಗೆ ವಯಸ್ಸಾಗಿದೆ. "ಮುಂದಿನ ತಿಂಗಳ ಕೊನೆಗೆ ಮುಂಗಡ ಕೊಡು, ಅಂಗಡಿ ನಿನಗೇ. ಬೇರೆಯವರು ಕೇಳ್ತಿದ್ದಾರೆ, ಆದ್ರೂ ನಿನಗೆ ಅಂತ ಇಟ್ಟಿದ್ದೀನಿ," ಎಂದಿದ್ದರು. ಎಂಟು ವರ್ಷ ಕೂಡಿಟ್ಟಿದ್ದೆ. ಬೋರ್ಡಿಗೆ ಯಾವ ಬಣ್ಣ ಎನ್ನುವುದನ್ನೂ ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿದ್ದೆ. ನೀಲಿ.

ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಾಗ ಮಾತು ಮೇಲೆ ಬಂತು. ಮಗಳಿಗೆ ಇಪ್ಪತ್ಮೂರು, ರಕ್ತಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ನಾಲ್ಕು ವರ್ಷದವಳಿದ್ದಾಗಲೇ ಹಾಲಿನ ಲೋಟಕ್ಕೂ ವಾದ ಮಾಡುತ್ತಿದ್ದುದರಿಂದ ಎಲ್ಲರಿಗೂ ಅವಳು ಲಾಯರಮ್ಮ.

"ಅಪ್ಪ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ವಾಪಸ್ ಕೇಳದೇ ಇರೋ ಸಾಲ ಯಾವನಾದ್ರೂ ಕೊಡ್ತಾನಾ?"

"ಏಜೆನ್ಸಿಯವನಿಗೆ ನಾನೂ ಅದನ್ನೇ ಕೇಳಿದ್ದೆ ಕಣೇ. ವಾಪಸ್ ಕೇಳ್ತೀರಾ ಅಂದೆ. ಯಾವತ್ತೂ ಇಲ್ಲ ಅಂದ. ಹಾಗಾದ್ರೆ ಸಾಲ ಅಂತ ಯಾಕೆ ಅಂದೆ. ಬರೀ ಹೆಸರು ಸಾರ್, ದೊಡ್ಡ ವಕೀಲರು ನೋಡಿದ್ದಾರೆ, ಎಲ್ಲಾ ಕಾನೂನಿನ ಪ್ರಕಾರ ಅಂದ."

"ಗೊತ್ತಿತ್ತು ಹಾಗಾದ್ರೆ."

"ಏನು ಗೊತ್ತಿತ್ತು? ಸಹಿ ಹಾಕದಿದ್ರೆ ಕೆಲಸ ಇಲ್ಲ ಅಂತ ಗೊತ್ತಿತ್ತು!" ಇವರ ದನಿ ಏರಿತು. "ಲಿಫ್ಟ್ ಒಳಗೆ ಎಂಟು ಜನ ಅಂತ ಹಲಗೆ ಇರುತ್ತೆ. ನಾಳೆ ಕಾನೂನು ಬದಲಾಗಿ ಆರೇ ಜನ ಅಂದ್ರೆ, ಸರಿ, ಹಲಗೆ ಬದಲಾಯಿಸ್ತೀನಿ. ಹೋದ ವರ್ಷ ಎಂಟು ಜನ ಹತ್ತಿದ್ರಲ್ಲ, ಅವರ ಮನೆಗೆ ಹೋಗಿ ದಂಡ ಕೇಳ್ತೀನಾ?"

"ಆ ಎಂಟು ಜನ ಒಂಬತ್ತನೆಯವನನ್ನ ಬೆನ್ನ ಮೇಲೆ ಹೊತ್ಕೊಂಡು, ನಾವು ಎಂಟೇ ಜನ ಅಂದಿದ್ರೆ?" ಎಂದಳು ಲಾಯರಮ್ಮ. "ನನ್ನ ಸಂಬಳ ಕೈಗೆ ಬರೋ ಮುಂಚೆನೇ ಕತ್ತರಿಸ್ಕೊಂಡು ಬರುತ್ತೆ. ಅಮ್ಮಂದೂ ಅಷ್ಟೇ. ನಿನ್ನದು ಆರು ವರ್ಷ ಕತ್ತರಿಸ್ದೇ ಬಂತು."

"ಅದಕ್ಕೇ ನಾನು ಲಿಫ್ಟೇ ಹತ್ತಲ್ಲ," ಎಂದರು ಅತ್ತೆ, ಬ್ರೆಡ್ಡನ್ನು ಸೂಪಿನಲ್ಲಿ ಅದ್ದುತ್ತ. ನಿಜಕ್ಕೂ ಹತ್ತುವುದಿಲ್ಲ. ಲಿಫ್ಟ್ ಪರೀಕ್ಷೆ ಮಾಡುವವನ ತಾಯಿ, ಎಪ್ಪತ್ನಾಲ್ಕು ವರ್ಷ, ಎಲ್ಲಿಗೆ ಹೋದರೂ ಮೆಟ್ಟಿಲೇ.

ಲಾಯರಮ್ಮನ ಮಾತು ಸರಿ ಅನ್ನಿಸಿತು. ಇವರ ಮಾತೂ ಸರಿ ಅನ್ನಿಸಿತು. ನನಗೆ ತಲೆ ಕೆಟ್ಟು ಹೋಯಿತು. ಸುಳ್ಳು ಯಾಕೆ ಹೇಳಲಿ, ಆ ಆರು ವರ್ಷದಲ್ಲೇ ನಾವು ಬಟ್ಟೆ ಒಗೆಯುವ ಮೆಷಿನ್ನು ತಂದದ್ದು, ಇವಳ ಕಾಲೇಜಿನ ಫೀಸು ಒಂದೇ ಸಲಕ್ಕೆ ಕಟ್ಟಿದ್ದು. ಹಣ ಎಲ್ಲಿಂದ, ಹೇಗೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಮೆಷಿನ್ನು ತಿರುಗುವುದನ್ನು ಸ್ಟೂಲು ಹಾಕಿಕೊಂಡು ನೋಡಿದ್ದೆ.

"ನನ್ನ ಅಂಗಡಿ ದುಡ್ಡಿಗೆ ಮಾತ್ರ ಯಾರೂ ಕೈ ಹಾಕಬೇಡಿ," ಎಂದೆ. ಯಾರೂ ಇನ್ನೂ ಕೇಳಿಯೇ ಇರಲಿಲ್ಲ.

ಆಗ ಅತ್ತೆ ಬಟ್ಟಲು ಪಕ್ಕಕ್ಕೆ ಸರಿಸಿದರು.

"ಅಲ್ಲ, ನನಗೆ ಒಂದು ಅರ್ಥ ಆಗ್ತಿಲ್ಲ. ಆ ಸಾಲ ನಾವು ತೀರಿಸ್ತಾ ಬಂದ್ವಲ್ಲ?"

"ಯಾವ ಸಾಲ ಅಮ್ಮ?" ಎಂದರು ಇವರು.

"ಅದೇ ಏಜೆನ್ಸಿದು."

ಅತ್ತೆ ಎದ್ದು ಒಳಗೆ ಹೋದರು. ಅವರು ಮೊದಲಿನಿಂದಲೂ ಹೊಲಿಗೆಯವರು. ಪ್ಯಾಂಟಿನ ಅಂಚು ಮಡಿಸುವುದು, ಕೋಟಿನ ಲೈನಿಂಗ್ ಬದಲಿಸುವುದು, ಜಿಪ್ಪು ಹಾಕುವುದು, ಇದನ್ನೆಲ್ಲ ಈಗಲೂ ಮಾಡುತ್ತಾರೆ. ಅವರ ಕೋಣೆಯಲ್ಲಿ ಹೊಲಿಗೆ ಮೆಷಿನ್ನಿನ ಪಕ್ಕ ಬಿಸ್ಕತ್ತಿನ ಒಂದು ದೊಡ್ಡ ತಗಡಿನ ಡಬ್ಬಿ ಇದೆ, ಗುಂಡಿ ತುಂಬಿದ್ದು. ಅದನ್ನು ತಂದು ಮೇಜಿನ ಮೇಲೆ ಇಟ್ಟು, ಗುಂಡಿಗಳೊಳಗೆ ಕೈ ತೂರಿಸಿ, ತಳದಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ತೆಗೆದರು.

ರಸೀದಿಗಳು. ಏಜೆನ್ಸಿಯ ಮೊಹರು, ತಾರೀಕು. "ಸಾಲದ ಬಾಬ್ತು ಪಾವತಿ." ಎಲ್ಲವೂ ತಿಂಗಳ ಒಂದನೇ ತಾರೀಕಿನವು.

"ನಿನ್ನ ಸಂಬಳದ ಚೀಟಿ ನೋಡಿದೆ, ಸಾಲ ಅಂತ ಬರೆದಿತ್ತು," ಎಂದರು ಅತ್ತೆ ಮಗನಿಗೆ. "ಪ್ರತಿ ತಿಂಗಳೂ ಬರೆದಿತ್ತು. ನನಗೆ ಎದೆ ಧಸಕ್ ಅಂತು. ನೀನು ನೋಡಿದ್ರೆ ಮೆಷಿನ್ ತರ್ತೀಯ, ಫೀಸು ಕಟ್ತೀಯ. ಕೇಳಿದ್ರೆ ನಿನಗೆ ಅವಮಾನ ಆಗುತ್ತೆ ಅಂತ ನಾನೇ ಹೋಗಿ, ಆದಷ್ಟು ಕಟ್ತಾ ಬಂದೆ. ಆ ಕೌಂಟರ್ ಹುಡುಗಿ ಮೊದಲನೇ ಸಲ, ಯಾಕಜ್ಜಿ ಅಂದ್ಲು. ಸಾಲ ತಗೊಂಡಿದ್ದೀವಿ, ತೀರಿಸ್ಬೇಡ್ವಾ ಅಂದೆ. ಒಳಗೆ ಹೋಗಿ ಯಾರನ್ನೋ ಕೇಳ್ಕೊಂಡು ಬಂದು ತಗೊಂಡ್ಲು."

"ಎಷ್ಟು ದಿನ ಅಜ್ಜಿ?" ಲಾಯರಮ್ಮ ಎಣಿಸುತ್ತಿದ್ದಳು.

"ಆಫೀಸಿಗೆ ಬೀಗ ಬೀಳೋ ತನಕ. ಐದು ವರ್ಷ ಆಯ್ತು ಬೀಗ ಬಿದ್ದು."

ಎಂಬತ್ತನಾಲ್ಕು ರಸೀದಿ. ಏಳು ವರ್ಷ. ಅಂಚು ಮಡಿಸಿ, ಜಿಪ್ಪು ಹಾಕಿ ಗಳಿಸಿದ್ದು. ಇವರು ತಲೆ ತಗ್ಗಿಸಿ ಕೂತರು. "ಅಯ್ಯೋ ಅಮ್ಮ. ಅದು ಯಾರೂ ತೀರಿಸೋ ಸಾಲ ಅಲ್ಲಮ್ಮ," ಎಂದರು. ಕಣ್ಣು ತುಂಬಿತ್ತು. ನನಗೆ ನಗು ಬಂತು, ನಗುವಿನ ಹಿಂದೆಯೇ ಅಳು, ಅದರ ಹಿಂದೆಯೇ ನಾಚಿಕೆ ಬಿಟ್ಟು ಒಂದು ಆಸೆ. ಸಾಲ ತೀರಿಸಿದ್ದಕ್ಕೆ ದಾಖಲೆ ಇದೆ! ಹಾಗಾದರೆ ಅದು ನಿಜವಾದ ಸಾಲ. ಹಾಗಾದರೆ ತೆರಿಗೆ ಇಲ್ಲ. ಹಾಗಾದರೆ ನನ್ನ ಅಂಗಡಿ ನನಗೆ.

"ನೀವು ದೇವರು ಅತ್ತೆ," ಎಂದೆ.

"ಬಟ್ಟಲು ಎತ್ತಿಡು," ಎಂದರು.

ಮಂಗಳವಾರ ಅರ್ಧ ದಿನ ರಜೆ ಹಾಕಿ ಮೂವರೂ ತೆರಿಗೆ ಕಚೇರಿಗೆ ಹೋದೆವು. ಮೂರನೇ ಮಹಡಿ. ಅತ್ತೆ ಮೆಟ್ಟಿಲು ಹತ್ತಿದರು, ಇವರು ಅವರ ಹಿಂದೆ. ನಾನು ಲಿಫ್ಟಿನಲ್ಲಿ ಹೋಗಿ ಬೆಂಚು ಹಿಡಿದು ಕೂತೆ. ಆರನೇ ಕೌಂಟರಿನ ಅಧಿಕಾರಿಗೆ ವಿಪರೀತ ನೆಗಡಿ. ರಸೀದಿಯ ಕಟ್ಟನ್ನು ನೋಡಿ ಕರವಸ್ತ್ರವನ್ನು ಮೂಗಿನಿಂದ ತೆಗೆದು ಹಾಗೇ ಕೂತುಬಿಟ್ಟರು.

"ಇಂಥ ಕೇಸು ನೂರಾರು ನೋಡಿದೀನಿ. ವಾಪಸ್ ಕಟ್ಟಿದವರನ್ನ ನೋಡೇ ಇಲ್ಲ."

"ಹಾಗಾದ್ರೆ ಲೆಕ್ಕದಲ್ಲಿ ಕಳೀತೀರಾ ಸಾರ್?" ಎಂದೆ ನಾನು.

"ಕಳೀಬಹುದು. ಆದ್ರೆ ಒಂದು ದಿನಾಂಕ ಇದೆಯಮ್ಮ. ಅದಕ್ಕಿಂತ ಮುಂಚೆ ವಾಪಸ್ ಕಟ್ಟಿದ್ದು ಮಾತ್ರ ಲೆಕ್ಕ." ಅವರು ಒಂದು ಪುಸ್ತಕ ತೆರೆದು ತೋರಿಸಿದರು. ಕಾನೂನು ಬಂದದ್ದು ಹೋದ ವರ್ಷ. ಆ ದಿನಾಂಕ ಅದಕ್ಕೂ ಎಂಟು ವರ್ಷ ಹಿಂದಿನದು.

"ಹೋದ ವರ್ಷದ ಕಾನೂನಿಗೆ ಒಂಬತ್ತು ವರ್ಷದ ಹಿಂದಿನ ಗಡುವಾ?" ಎಂದರು ಇವರು.

"ಹೌದು."

"ಗಡುವು ಇದೆ ಅಂತ ಆಗ ಯಾರಿಗೆ ಗೊತ್ತಿತ್ತು?"

"ಯಾರಿಗೂ ಗೊತ್ತಿರಲಿಲ್ಲ," ಎಂದು ಅವರು ಸೀನಿದರು.

ಮೂವತ್ತಾರು ರಸೀದಿ ಗಡುವಿನ ಒಳಗೆ, ನಲವತ್ತೆಂಟು ಹೊರಗೆ. ಆ ಮೂವತ್ತಾರಕ್ಕೂ ಬೆಲೆ ಬರಬೇಕಾದರೆ ಏಜೆನ್ಸಿಯ ಪುಸ್ತಕದಲ್ಲಿ ಅದು ಜಮಾ ಆಗಿರಬೇಕು, ಮತ್ತು ನಾವು ಮೇಲ್ಮನವಿ ಹಾಕಬೇಕು. ಮೇಲ್ಮನವಿ ಮುಗಿಯಲು ಮೂರೋ ನಾಲ್ಕೋ ವರ್ಷ. ಸೋತರೆ ಅಷ್ಟೂ ವರ್ಷದ ಬಡ್ಡಿ ಸೇರಿ ಕಟ್ಟಬೇಕು, ಮಾಫಿ ಇಲ್ಲ. ಅದೆಲ್ಲ ಬೇಡ ಎಂದರೆ ಒಪ್ಪಿಗೆ ಪತ್ರ. ಅದರಲ್ಲಿ ಒಂದು ಸಾಲು ಇತ್ತು, ಅಧಿಕಾರಿ ಬೆರಳಿಟ್ಟು ಓದಿದರು: "ಸದರಿ ಹಣವು ಎಂದೂ ಸಾಲವಾಗಿರಲಿಲ್ಲವೆಂದು ಒಪ್ಪಿಕೊಂಡಿರುತ್ತೇನೆ."

"ಇದಕ್ಕೆ ಸಹಿ ಹಾಕಿದ್ರೆ ಅಮ್ಮನ ರಸೀದಿ?"

"ಅದಕ್ಕೆ ಇದರಲ್ಲಿ ಜಾಗ ಇಲ್ಲ."

ಮರುದಿನ ನಾನು, ಅತ್ತೆ ಆ ಏಜೆನ್ಸಿ ಇದ್ದ ಕಟ್ಟಡಕ್ಕೆ ಹೋದೆವು. ಮೆಟ್ಟಿಲು ಹತ್ತಿ ಹೋದರೆ ಆ ಜಾಗದಲ್ಲಿ ಈಗ ಚಪ್ಪಲಿ ಅಂಗಡಿ. ಕೌಂಟರ್ ಎಲ್ಲಿತ್ತೋ ಅಲ್ಲಿ ಮಕ್ಕಳ ಬೂಟು ಜೋಡಿಸಿದ್ದರು. ಅಂಗಡಿಯವನಿಗೆ ಏನೂ ಗೊತ್ತಿರಲಿಲ್ಲ. "ಇಲ್ಲೇ ನಿಂತ್ಕೋತಿದ್ದೆ," ಎಂದು ಅತ್ತೆ ಬೂಟುಗಳ ಮುಂದೆ ನಿಂತು ತೋರಿಸಿದರು. ಆ ಹಣ ಪುಸ್ತಕಕ್ಕೆ ಹೋಯಿತೋ, ಆ ಹುಡುಗಿಯ ಚೀಲಕ್ಕೆ ಹೋಯಿತೋ, ಒಳಗಿದ್ದವನ ಜೇಬಿಗೆ ಹೋಯಿತೋ, ಯಾರನ್ನು ಕೇಳುವುದು?

ಆದರೂ ನಾನು ಹಟ ಬಿಡಲಿಲ್ಲ. ಎರಡು ವಾರ ಮನೆಯಲ್ಲಿ ಅದೇ ಮಾತು. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ, ಮೊಟ್ಟೆ ಒಡೆಯುವಾಗ.

"ಮೇಲ್ಮನವಿ ಹಾಕೋಣ ರೀ. ಮೂವತ್ತಾರಾದ್ರೂ ಇದೆಯಲ್ಲ."

"ಸೋತ್ರೆ?"

"ಸೋಲದಿದ್ರೆ?"

"ಅಮ್ಮ, ನೀನು ಅಂಗಡಿಗೋಸ್ಕರ ಹೇಳ್ತಿದ್ದೀಯ," ಎಂದಳು ಲಾಯರಮ್ಮ.

"ಹೌದು ಕಣೇ, ಅಂಗಡಿಗೋಸ್ಕರಾನೇ! ಅದರಲ್ಲಿ ತಪ್ಪೇನು? ಏಜೆನ್ಸಿಯವನು ಲಾಭ ಮಾಡ್ಕೊಂಡ, ಕಂಪನಿಯವನು ಮಾಡ್ಕೊಂಡ. ಅವರ ಮನೆಗೆ ಕಾಗದ ಹೋಗಿದೆಯಾ? ನಾನು ಒಂದು ಅಂಗಡಿ ಕೇಳಬಾರದಾ?"

ಅವಳು ಕೈಯಲ್ಲಿದ್ದ ತಟ್ಟೆ ಒರೆಸಿಟ್ಟಳು. "ಅದು ಅನ್ಯಾಯ ಅಂತ ನನಗೂ ಅನ್ಸುತ್ತೆ. ತೆರಿಗೆ ಕಟ್ಟದೇ ಇದ್ದಿದ್ದೂ ಅನ್ಯಾಯ ಅನ್ಸುತ್ತೆ. ಏನು ಮಾಡ್ಲಿ?" ಎಂದಳು.

ಅತ್ತೆಯ ಹಟ ಬೇರೆ. "ಕಟ್ಟೋದಾದ್ರೆ ಕಟ್ಟಿ. ಆದ್ರೆ ಸಾಲ ಅಲ್ಲ ಅಂತ ಸಹಿ ಹಾಕೋದು ಹೇಗೆ? ಏಳು ವರ್ಷ ಮೆಟ್ಟಿಲು ಹತ್ತಿದ್ದೀನಿ. ನಾನೇನು ಹುಚ್ಚೀನಾ?"

ಇವರ ತಟ್ಟೆಯಲ್ಲಿ ಹಾಕಿದ್ದು ಅರ್ಧ ಹಾಗೇ ಉಳಿಯುತ್ತಿತ್ತು. ಊಟದ ಡಬ್ಬಿಗೆ ಕಟ್ಟಿ ಕೊಟ್ಟದ್ದೂ ಹಾಗೇ ವಾಪಸ್ಸು.

ಇಪ್ಪತ್ತಾರನೇ ತಾರೀಕು ಮಧ್ಯಾಹ್ನ ಇವರು ನೇರವಾಗಿ ನನ್ನ ಅಂಗಡಿಗೆ ಬಂದರು. ಹಾಗೆಲ್ಲ ಬರುವವರಲ್ಲ. ಮುಖ ಬಿಳಿಚಿಕೊಂಡಿತ್ತು. ಕೌಂಟರಿನ ಮೇಲೆ ಕೈ ಊರಿದರು. ಯಾರದೋ ಬಿಳಿ ಕೋಟಿನ ತೋಳಿಗೆ ಗ್ರೀಸು ತಾಗಿತು, ನಾನು ಅದನ್ನು ಪಕ್ಕಕ್ಕೆ ಎಳೆದಿಟ್ಟೆ.

"ಬೆಳಿಗ್ಗೆ ಒಂದು ಆಸ್ಪತ್ರೆ ಲಿಫ್ಟು ನೋಡಿದೆ. ಸಹಿ ಹಾಕಿದೆ. ಬಸ್ಸಲ್ಲಿ ಕೂತಾಗ ನೆನಪಾಯ್ತು, ಮೂರನೇ ಹಗ್ಗ ನಾನು ನೋಡೇ ಇಲ್ಲ. ಎರಡು ನೋಡಿದೆ, ಮೂರನೇದು ಕೈಯಲ್ಲಿ ಹಿಡ್ಕೊಂಡು ಆ ದಿನಾಂಕದ ಬಗ್ಗೆ ಯೋಚಿಸ್ತಿದ್ದೆ. ಬಸ್ಸಿಂದ ಇಳಿದು ಓಡಿದೆ. ಲಿಫ್ಟ್ ನಿಲ್ಲಿಸಿ ನೋಡಿದೆ. ಏಳು ಎಳೆ ತುಂಡಾಗಿತ್ತು ಕಣೇ. ಆಸ್ಪತ್ರೆ ಲಿಫ್ಟು."

"ಏನಾದ್ರೂ ಆಯ್ತಾ?"

"ಇಲ್ಲ. ಏನೂ ಆಗಿಲ್ಲ."

ಇಪ್ಪತ್ತೆಂಟು ವರ್ಷದಲ್ಲಿ ಒಂದು ಹಗ್ಗವನ್ನೂ ನೋಡದೆ ಬಿಟ್ಟವರಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು, ಪಾಪ ಎನಿಸಿತು, ಭಯವಾಯಿತು. ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟೆ. ಯಜಮಾನರು ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದರು, ಉಗಿಯ ಸದ್ದು ಬರುತ್ತಿತ್ತು. ಆ ಸದ್ದು ನನಗೆ ಬಹಳ ಇಷ್ಟ.

"ನಾಳೆ ಹೋಗಿ ಸಹಿ ಹಾಕಿ," ಎಂದೆ. "ದುಡ್ಡು ನಾನು ತರ್ತೀನಿ."

"ನಿನ್ನ ಅಂಗಡಿ?"

"ನೀರು ಕುಡೀರಿ ಮೊದಲು."

ಆರನೇ ಕೌಂಟರಿನ ಅಧಿಕಾರಿಯ ನೆಗಡಿ ಇನ್ನೂ ಹೋಗಿರಲಿಲ್ಲ. ಇವರು ಪೆನ್ನು ಹಿಡಿದು ತಾಯಿಯ ಮುಖ ನೋಡಿದರು. ಅತ್ತೆ ಮೂರು ಮಹಡಿ ಹತ್ತಿದ ಏದುಸಿರು ಇಳಿಯುವವರೆಗೂ ಕೌಂಟರ್ ಹಿಡಿದು ನಿಂತರು.

"ಹಾಕು," ಎಂದರು. "ಆ ಹಗ್ಗದ ಕಥೆ ಇವಳು ಹೇಳಿದ್ಲು. ಹಾಕಿ ಮುಗಿಸು."

ಹಾಕಿದರು. ನಾನು ಕೈಚೀಲದಿಂದ ಎಂಟು ವರ್ಷ ತೆಗೆದು ಗಾಜಿನ ಕಿಂಡಿಯೊಳಗೆ ತಳ್ಳಿದೆ. ಯಂತ್ರ ಎಣಿಸಿತು, ಒಂದು ನಿಮಿಷವೂ ಹಿಡಿಯಲಿಲ್ಲ. ಅಧಿಕಾರಿ ರಸೀದಿ ಕೊಟ್ಟಾಗ ಅತ್ತೆ ಅದನ್ನು ಮೊದಲು ತೆಗೆದುಕೊಂಡು, ಕನ್ನಡಕ ಹಾಕಿಕೊಂಡು ಓದಿದರು.

"ಏನಪ್ಪಾ, ಒಂದು ಮಾತು. ಅದು ಸಂಬಳ ಅಂದ್ರೆ ನಾನು ಏಳು ವರ್ಷ ತೀರಿಸಿದ್ದು ಏನು?"

"ಅದು... ನೀವು ಏಜೆನ್ಸಿಗೆ ಕೊಟ್ಟ ಹಣ ಅಮ್ಮ."

"ಯಾವುದಕ್ಕೆ ಕೊಟ್ಟಿದ್ದು?"

ಅವರು ಪುಸ್ತಕ ತಿರುವಿದರು, ಪಕ್ಕದ ಕೌಂಟರಿನವಳನ್ನು ನೋಡಿದರು, ಅವಳು ಭುಜ ಕುಣಿಸಿದಳು.

"ಹೋಗಲಿ ಬಿಡು. ಈ ರಸೀದಿಲಿ ತೆರಿಗೆ ಅಂತ ಬರೆದಿದೆ. ಇನ್ನು ಹತ್ತು ವರ್ಷ ಬಿಟ್ಟು ಬಂದು, ಇದು ತೆರಿಗೆ ಅಲ್ಲ, ಬೇರೆ ಏನೋ ಅಂತ ಹೇಳಲ್ಲ ತಾನೇ?"

ಅಧಿಕಾರಿ ಕರವಸ್ತ್ರ ಕೆಳಗಿಟ್ಟರು. "ನನಗೆ ಗೊತ್ತಿಲ್ಲಮ್ಮ," ಎಂದರು. "ನಿಜ ಹೇಳ್ತೀನಿ, ಗೊತ್ತಿಲ್ಲ."

ಒಳ್ಳೆಯ ಮನುಷ್ಯ. ಕಾಗದ ಬಂದ ದಿನದಿಂದ ನನಗೆ ಅರ್ಥವಾದ ಮಾತು ಅದೊಂದೇ.

ತಿಂಗಳ ಕೊನೆಗೆ ಅಂಗಡಿ ಬೇರೆಯವರ ಕೈಗೆ ಹೋಯಿತು. ಹೊಸ ಯಜಮಾನ ನನ್ನನ್ನು ಕೌಂಟರಿನಲ್ಲೇ ಉಳಿಸಿಕೊಂಡಿದ್ದಾನೆ, ಕಲೆಗಳ ವಿಷಯ ಅವನಿಗೆ ಗೊತ್ತಿಲ್ಲ. ಬೋರ್ಡಿಗೆ ಕೆಂಪು ಬಳಿಸಿದ. ಅದನ್ನು ನೋಡಿದ ದಿನ ಕೋಟುಗಳ ಸಾಲಿನ ಹಿಂದೆ ನಿಂತು ಚೆನ್ನಾಗಿ ಅತ್ತುಬಿಟ್ಟೆ, ಯಾರದೋ ಉಣ್ಣೆಯ ಕೋಟಿನಲ್ಲಿ ಮುಖ ಒರೆಸಿಕೊಂಡೆ.

ಒಂದನೇ ತಾರೀಕು ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ತಳ್ಳಿಕೊಂಡು ಅತ್ತೆ ಬಂದರು. ಹೊರಗೆ ಹೋಗುವಾಗ ಹಾಕುವ ಚಪ್ಪಲಿ, ಕೈಯಲ್ಲಿ ಹಳೆಯ ಪರ್ಸು. ಗಿರಾಕಿಗಳ ಹಿಂದೆ ಸಾಲಿನಲ್ಲಿ ನಿಂತರು. "ಅತ್ತೆ, ಏನಾಯ್ತು?" ಎಂದೆ. ಮುಂದಿದ್ದ ಗಿರಾಕಿಯ ಕಡೆ ಕೈ ತೋರಿಸಿದರು. ತಮ್ಮ ಸರದಿ ಬಂದಾಗ ಮಡಿಸಿದ ನೋಟುಗಳನ್ನು ಕೌಂಟರಿನ ಮೇಲೆ ಇಟ್ಟರು.

"ನನ್ನ ಮಗ ನಿನ್ನ ಹತ್ರ ತಗೊಂಡಿದ್ದು. ಮೊದಲನೇ ಕಂತು."

"ಅತ್ತೆ! ನನಗೆ ನೀವು ಕೊಡೋದಾ? ಒಳಗಿಟ್ಕೊಳ್ಳಿ."

"ಮಾತು ಬೇಡ. ರಸೀದಿ ಬರಿ."

ಹಿಂದೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ಬಟ್ಟೆಯ ಚೀಟಿ ಪುಸ್ತಕ ಎಳೆದುಕೊಂಡು ಕಾರ್ಬನ್ನು ಇಟ್ಟೆ. ತಾರೀಕು ಬರೆದೆ. ಆಮೇಲೆ ಪೆನ್ನು ನಿಂತುಹೋಯಿತು.

"ಏನಕ್ಕೆ ಅಂತ ಬರೀಲಿ?"

"ಸಾಲ ಅಂತ ಬರಿ."

"ಹತ್ತು ವರ್ಷ ಬಿಟ್ಟು ಯಾರಾದ್ರೂ ಬಂದು, ಅದು ಸಾಲ ಅಲ್ಲ ಅಂದ್ರೆ?"

"ಬರ್ಲಿ. ಕೊಟ್ಟೋಳು ನೀನು, ತೀರಿಸ್ತಿರೋಳು ನಾನು. ಅವರಿಗೇನು ಗೊತ್ತು?"

ಸಾಲ ಎಂದು ಬರೆದೆ. ಸಹಿ ಹಾಕಿ ಮೇಲಿನ ಪ್ರತಿ ಹರಿದು ಕೊಟ್ಟೆ. ಅವರು ಓದಿ ನೋಡಿ, ಮಡಿಸಿ ಪರ್ಸಿಗೆ ಹಾಕಿಕೊಂಡರು. ನಾನು ಏನಾದರೂ ಹೇಳಬೇಕೆಂದು, "ಆ ಡಬ್ಬಿಲಿ ಜಾಗ ಎಲ್ಲಿದೆ ಅತ್ತೆ, ಗುಂಡಿ ತುಂಬಿದೆ," ಎಂದೆ.

"ಗುಂಡಿ ಎಲ್ಲಾ ತೆಗೆದು ಚೀಲಕ್ಕೆ ಹಾಕಿದೆ," ಎಂದರು. "ಇನ್ನೊಂದು ಎಂಬತ್ತನಾಲ್ಕು ಆರಾಮಾಗಿ ಹಿಡಿಯುತ್ತೆ."

ಹಾಗೆಂದು ಹಿಂದಿನವರಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದರು.